ಪಾರಿಶ್ವಾಡದಲ್ಲಿ ಸಿಗದ ಚಂದ್ರವ್ವ

ಇಪ್ಪತ್ತೆರಡು ಪುಟದ ಪ್ರಬಂಧಕ್ಕೆ ಅರವತ್ತೊಂದು ಪ್ರಶ್ನೆ. ಎಲ್ಲವೂ ಹಸಿರು ಶಾಯಿಯಲ್ಲಿ, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಪದ್ಮಶ್ರೀಗೆ ಸಿಟ್ಟು ಬಂದದ್ದು ಪ್ರಶ್ನೆಗಳಿಗಿಂತ ಹೆಚ್ಚಾಗಿ ಆ ಅಕ್ಷರಕ್ಕೆ. ಇಷ್ಟು ಚೆಂದ ಬರೆಯುವ ಗಂಡಸಿನ ಮನಸ್ಸಿನಲ್ಲಿ ಏನೋ ಇದ್ದೇ ಇರುತ್ತದೆ ಎಂದು ಅವಳಿಗೆ ಆಗಲೇ ಅನ್ನಿಸಿತು.

"ಎಲ್ಲಾ ಓದಿದ್ರೇನು?" ಎಂದು ಕೇಳಿದಳು.

"ಮೂರು ಸಲ," ಎಂದ ಅನಿಕೇತ.

"ಮೂರು ಸಲ ಯಾಕ್ರಿ? ಒಂದ ಸಲಕ್ಕ ತಿಳೀಲಿಲ್ಲೇನು?"

"ಮೊದಲನೇ ಸಲ ತಪ್ಪು ಹುಡುಕಾಕ ಓದಿದ್ನಿ. ಎರಡನೇ ಸಲ ಪ್ರಶ್ನೆ ಬರ್ಯಾಕ ಓದಿದ್ನಿ. ಮೂರನೇ ಸಲ..." ಅವನು ಚಹಾದ ಕಪ್ಪನ್ನು ಸುಮ್ಮನೆ ತಿರುಗಿಸಿದ. "ಮೂರನೇ ಸಲ ಸುಮ್ನ ಓದಿದ್ನಿ."

ಸುಮ್ಮನೆ ಓದುವುದಂತೆ! ಸಂಶೋಧನಾ ಪ್ರಬಂಧವನ್ನು ಸುಮ್ಮನೆ ಓದುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಬರೆದವಳಿಗೇ ಅದು ಸಾಧ್ಯವಾಗಿರಲಿಲ್ಲ.

ಇಬ್ಬರೂ ಕೂತಿದ್ದದ್ದು ಬೆಳಗಾವಿಯ ಹೊರಗೆ ಗುಡ್ಡದ ಮೇಲಿನ ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ. ಕನ್ನಡ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು ಒಟ್ಟು ಐದು ಮಂದಿ. ವಿಭಾಗದ ಮುಖ್ಯಸ್ಥೆ ಪ್ರಮಿಳಾ ಮೇಡಂ ಅವರಿಗೊಂದು ಪದ್ಧತಿ ಹಾಕಿಕೊಟ್ಟಿದ್ದರು. ಯಾವ ಪ್ರಬಂಧವೂ ನೇರವಾಗಿ ಮೇಡಂ ಟೇಬಲ್ಲಿಗೆ ಹೋಗುವಂತಿಲ್ಲ. ಮೊದಲು ಜೊತೆಯವರಲ್ಲಿ ಒಬ್ಬರು ಓದಿ ತಿದ್ದಬೇಕು. ಅದರಲ್ಲಿ ಹೇಳಿದ ಆಕರಗಳೆಲ್ಲ ನಿಜವೇ ಎಂದು ಖುದ್ದಾಗಿ ನೋಡಿ, ಫಾರ್ಮಿಗೆ ಸಹಿ ಹಾಕಬೇಕು. ಮೇಡಂ ಬೇಕೆಂದೇ ಎದುರಾಳಿಗಳನ್ನು ಜೋಡಿ ಮಾಡುತ್ತಿದ್ದರು. "ಗೆಳತ್ಯಾರು ಓದಿದ್ರ ಹೊಗಳ್ತಾರ. ಎದುರಾಳಿ ಓದಿದ್ರ ತಪ್ಪು ಸಿಗ್ತಾವ," ಎನ್ನುವುದು ಅವರ ವಾದ.

ಈ ಸಲ ಮೈಸೂರಿನ ವಿಚಾರ ಸಂಕಿರಣಕ್ಕೆ ವಿಭಾಗದಿಂದ ಹೋಗುವುದು ಒಂದೇ ಪ್ರಬಂಧ. ಮೊದಲ ಆಯ್ಕೆ ಪದ್ಮಶ್ರೀಯದು, ಖಾನಾಪುರ ತಾಲ್ಲೂಕಿನ ಬೀಸುಕಲ್ಲಿನ ಪದಗಳ ಮೇಲೆ. ಎರಡನೆಯದು ಅನಿಕೇತನದು, ಹಲಸಿಯ ಶಾಸನಗಳ ಭಾಷೆಯ ಮೇಲೆ. ಬರುವ ವಾರ ಶುಕ್ರವಾರ ಸಂಜೆ ಐದರೊಳಗೆ ಅವಳ ಪ್ರಬಂಧಕ್ಕೆ ಸಹಿ ಬೀಳದಿದ್ದರೆ ಅವನದು ಹೋಗುತ್ತದೆ. ಸಹಿ ಹಾಕಬೇಕಾದವನೂ ಅವನೇ.

ಇಂಥ ಏರ್ಪಾಡಿನಲ್ಲಿ ದೇವರಿಗೂ ಸಂಶಯ ಬಂದೀತು. ಪದ್ಮಶ್ರೀ ದೇವರೇನೂ ಆಗಿರಲಿಲ್ಲ.

"ಹದಿನಾಲ್ಕನೇ ಪ್ರಶ್ನೆ ನೋಡ್ರಿ," ಎಂದು ಅನಿಕೇತ ಪುಟ ತಿರುಗಿಸಿದ. "ಈ ಪದದಾಗ 'ಎದುರಿಗಿ ಕುಂತಾಕಿ' ಅಂತ ಬರತದ. ನೀವು ಇದು ಒಂಟಿ ಹೆಣ್ಣಿನ ದನಿ ಅಂತ ಬರದೀರಿ. ಒಂಟಿ ಇದ್ರ, ಎದುರಿಗೆ ಕುಂತಾಕಿ ಯಾರು?"

ಎರಡು ವರ್ಷ ಆ ಪದದ ಜೊತೆ ಇದ್ದು ಈ ಪ್ರಶ್ನೆ ತನಗೆ ಹೊಳೆದಿರಲಿಲ್ಲವಲ್ಲ ಎಂದು ಪದ್ಮಶ್ರೀಗೆ ಮೈ ಉರಿಯಿತು. "ಅದು ಕಲ್ಪನೆ," ಎಂದಳು, ಬಾಯಿಗೆ ಬಂದದ್ದನ್ನು.

"ಹಂಗಂತೀರಿ?" ಅವನ ಕಣ್ಣಿನ ಅಂಚಿನಲ್ಲಿ ನಗು ಬಂದು ಹೋಯಿತು. ಅದು ಗೇಲಿಯೋ ಮೆಚ್ಚುಗೆಯೋ ತಿಳಿಯುವಷ್ಟರಲ್ಲಿ ಅವನು ಮತ್ತೆ ಹಾಳೆಗೆ ಬಗ್ಗಿದ್ದ. "ಇಪ್ಪತ್ತೆರಡನೇದು. ಹಾಡಿದವರು ಚಂದ್ರವ್ವ, ಪಾರಿಶ್ವಾಡ, ಅಂತ ಐತಿ. ಪಾರಿಶ್ವಾಡದಾಗ ಯಾವ ಓಣಿ?"

ಅವಳಿಗೆ ಈ ಪ್ರಶ್ನೆಯದೇ ಹೆದರಿಕೆಯಿತ್ತು.

ಏಕೆಂದರೆ ಚಂದ್ರವ್ವ ಪಾರಿಶ್ವಾಡದವಳೇ ಅಲ್ಲ. ಅವಳು ಇರುವುದು ನಂದಗಡದಲ್ಲಿ. ಖಾನಾಪುರದಿಂದ ಒಂದು ಊರು ಈ ಕಡೆಗಿದ್ದರೆ ಇನ್ನೊಂದು ಆ ಕಡೆಗೆ. ಪದ್ಮಶ್ರೀ ಬೇಕಂತಲೇ ಊರಿನ ಹೆಸರು ಬದಲಿಸಿದ್ದಳು. ಹಾಡು ಸಂಗ್ರಹಿಸುವವರಲ್ಲಿ ಕೆಲವರು ಗುಟ್ಟಾಗಿ ಮಾಡುವ ಕೆಲಸವಿದು. ಹೆಸರು ಖರೇದು, ಊರು ಸುಳ್ಳು. ಇನ್ನೊಬ್ಬರು ರೆಕಾರ್ಡರ್ ಹಿಡಿದು ಅದೇ ಮನೆಯ ಬಾಗಿಲು ತಟ್ಟಬಾರದಲ್ಲ.

ಅವಳೇನು ಹುಟ್ಟಾ ಸುಳ್ಳಿಯಲ್ಲ. ಎಂಎ ಓದುವಾಗ ಬೇರೆ ಊರಿನ ಕಾಲೇಜಿನಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ನಂಬಿಕೆಯಿಂದ ಒಬ್ಬ ಹಾಡುಗಾರ್ತಿಯ ವಿಳಾಸ ಹೇಳಿದ್ದಳು. ಮೂರು ತಿಂಗಳ ನಂತರ ಅದೇ ಹಾಡುಗಳನ್ನು ಆ ಹಿರಿಯಳು ವೇದಿಕೆಯ ಮೇಲೆ ತನ್ನ ಶೋಧವೆಂದು ಓದಿದಳು. ಪದ್ಮಶ್ರೀ ಸಭೆಯ ನಾಲ್ಕನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದಳು. ಮೈಸೂರಿನ ವೇದಿಕೆ ಅವಳಿಗೆ ಬೇಕಾಗಿದ್ದದ್ದು ಆ ಚಪ್ಪಾಳೆಯನ್ನು ಮರೆಯಲಿಕ್ಕೆ.

"ಓಣಿ ಅಂತಲ್ಲ... ಹೊಲದಾಗಿನ ಮನಿ," ಎಂದಳು.

"ಯಾವ ಕಡೆ ಹೊಲ?"

"ನೀವೇನು ಪೊಲೀಸರೇನ್ರಿ?"

"ಸಹಿ ಮಾಡಾವ," ಎಂದು ಅನಿಕೇತ ನಕ್ಕ. ಅವನ ಎಡಗೆನ್ನೆಯಲ್ಲಿ ಸಣ್ಣ ಕುಳಿ ಬೀಳುತ್ತಿತ್ತು. ಆ ಕುಳಿಯನ್ನು ನೋಡಿದ್ದಕ್ಕೆ ಪದ್ಮಶ್ರೀಗೆ ತನ್ನ ಮೇಲೇ ಸಿಟ್ಟು ಬಂತು. "ಇರ್ಲಿ ಬಿಡ್ರಿ. ಐತವಾರ ನಾ ಹೆಂಗೂ ಹಲಸಿಗೆ ಹೋಗಾಂವ, ಶಾಸನದ ಫೋಟೋ ತಗ್ಯಾಕ. ಬಂದ ಮ್ಯಾಲೆ ಮಾತಾಡೂಣು."

ಹಲಸಿಗೆ! ಖಾನಾಪುರದಿಂದ ಹಲಸಿಯ ಬಸ್ಸು ನಂದಗಡದ ಮೇಲೆಯೇ ಹೋಗುತ್ತದೆ. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

*

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಿಖಿತಾಳ ಫೋನ್ ಬಂತು. ನಿಖಿತಾ ಆ ಐವರಲ್ಲೇ ಒಬ್ಬಳು, ಪದ್ಮಶ್ರೀಯ ಗೆಳತಿ, ಖಾನಾಪುರದವಳು. ಅನಿಕೇತನ ಪ್ರಬಂಧ ಓದಿ ಸಹಿ ಹಾಕಿದವಳೂ ಅವಳೇ.

"ಪದ್ಮಾ, ನಿನ್ನ ಹಸಿರು ಪೆನ್ನು ನಮ್ಮೂರ ಸ್ಟ್ಯಾಂಡಿನ್ಯಾಗ ನಿಂತದ ನೋಡು."

"ಗೊತ್ತೈತಿ. ಹಲಸಿಗೆ ಹೊಂಟಾನ."

"ಹಲಸಿ ಬಸ್ಸು ಈಗರ ಬಿಡ್ತು. ಅಂವಾ ಹತ್ತಲಿಲ್ಲ. ತಡಿ ತಡಿ... ಅಯ್ಯ, ಪಾರಿಶ್ವಾಡದ್ದ ಹತ್ತಿದಾ!"

ಪದ್ಮಶ್ರೀ ಮಂಚದ ಮೇಲೆ ಕೂತುಬಿಟ್ಟಳು. ನಂದಗಡಕ್ಕೆ ಹೋಗಲಿಲ್ಲ ಎಂಬ ಸಮಾಧಾನ ಒಂದು ನಿಮಿಷವೂ ಉಳಿಯಲಿಲ್ಲ. ಹಲಸಿಗೆಂದು ಹೇಳಿ ಪಾರಿಶ್ವಾಡಕ್ಕೆ ಹೋಗುವವನ ಉದ್ದೇಶ ಇನ್ನೇನಿದ್ದೀತು? ಚಂದ್ರವ್ವನನ್ನು ತಾನೇ ಹಿಡಿಯುವುದು, ಪದಗಳನ್ನು ತಾನೇ ದಾಖಲಿಸುವುದು, ಸಹಿಯನ್ನು ಶುಕ್ರವಾರದವರೆಗೆ ಎಳೆಯುವುದು. ಲೆಕ್ಕ ಸರಿಯಾಗಿಯೇ ಇತ್ತು.

"ನಾ ಅವನ ಪ್ರಬಂಧ ಓದೀನಿ," ಎಂದಳು ನಿಖಿತಾ. "ಒಂದ ಸುಳ್ಳಿಲ್ಲ ಅದರಾಗ. ಅಂಥಾವ್ರ ಮ್ಯಾಲೇ ಹೆಚ್ಚು ಕಣ್ಣಿಡಬೇಕು."

ಸೋಮವಾರ ವಿಭಾಗದ ಮೆಟ್ಟಿಲ ಬಳಿ ಅವನು ಸಿಕ್ಕ. ಪದ್ಮಶ್ರೀ ಮುಖದ ತುಂಬ ನಗು ಇಟ್ಟುಕೊಂಡು ಕೇಳಿದಳು. "ಹಲಸಿ ಹೆಂಗಿತ್ರಿ?"

"ಛಲೋ ಇತ್ತು."

"ಫೋಟೋ ಬಂದ್ವೇನು?"

"ಬಂದ್ವು... ಬೆಳಕು ಸ್ವಲ್ಪ ಕಮ್ಮಿ ಇತ್ತು." ಅವನ ಕಿವಿ ಎರಡೂ ಕೆಂಪಾದವು.

ಅವಳು ಅವನ ಬೂಟು ನೋಡಿದಳು. ಹಿಂದಿನ ವಾರದ ಮಳೆಗೆ ದಾರಿಯೆಲ್ಲ ಕೆಸರಾಗಿತ್ತು. ಹಲಸಿಗೆ ಹೋದವರ ಬೂಟಿಗೆ ಕೆಮ್ಮಣ್ಣು ಮೆತ್ತಿರಬೇಕು. ಇವನ ಬೂಟಿನ ಅಂಚಿಗೆ ಒಣಗಿ ನಿಂತಿದ್ದದ್ದು ಪಾರಿಶ್ವಾಡದ ಕಡೆಯ ಎರೆಮಣ್ಣು, ಕಪ್ಪಗೆ. ಅದೇ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವಳಿಗೆ ಇಷ್ಟು ತಿಳಿಯದೇ?

ಕೇಳಿಬಿಡಬೇಕೆಂದು ತುಟಿಯವರೆಗೆ ಬಂತು. ಕೇಳಿದರೆ ತನ್ನ ಸುಳ್ಳೂ ಹೊರಗೆ ಬೀಳುತ್ತದೆ. ಹೀಗೆ ಇಬ್ಬರು ಸುಳ್ಳರು ಮೆಟ್ಟಿಲ ಮೇಲೆ ನಿಂತು ಒಬ್ಬರನ್ನೊಬ್ಬರು ನೋಡಿದರು. ನೋಟ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಮೊದಲು ಕಣ್ಣು ತೆಗೆದವಳು ಅವಳು. ಆಮೇಲೆ ದಿನವಿಡೀ ಅವಳಿಗೆ ನೆನಪಿಗೆ ಬಂದದ್ದು ಬೂಟಿನ ಮಣ್ಣಲ್ಲ, ಆ ಕೆಂಪು ಕಿವಿಗಳು. ಸಂಶಯದ ಮನುಷ್ಯನ ಕಿವಿ ಇಷ್ಟು ಮುದ್ದಾಗಿರಬಾರದಿತ್ತು.

*

ಬುಧವಾರ ಲೈಬ್ರರಿಯ ಓದುವ ಕೋಣೆಯಲ್ಲಿ ಅವನೇ ಬಂದು ಎದುರಿನ ಕುರ್ಚಿ ಎಳೆದ. ಮೆಲ್ಲಗೆ ಹೇಳಿದ. "ಪದ್ಮಶ್ರೀ ಅವ್ರ, ನನಗ ಸಹಿ ಮಾಡಾಕ ಆಗೂದಿಲ್ರಿ."

ಅಂತೂ ಬಂತು. ನಾಲ್ಕು ದಿನದಿಂದ ಕಾದಿದ್ದ ಮಾತು.

"ಗೊತ್ತಿತ್ತು," ಎಂದಳು. ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕಾದ ಜಾಗವದು. ಮೂಲೆಯಲ್ಲಿ ಲೈಬ್ರರಿಯನ್ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆದ್ದರಿಂದ ಇಬ್ಬರೂ ತಲೆ ಹತ್ತಿರ ತಂದು ಜಗಳಕ್ಕೆ ನಿಂತರು. "ನಿಮ್ಮ ಪ್ರಬಂಧ ಹೋಗಬೇಕಲ್ಲ. ಐತವಾರ ಪಾರಿಶ್ವಾಡಕ್ಕ ಹೋಗಿದ್ರಿ. ಹಲಸಿಗೆ ಅಂತ ಸುಳ್ಳು ಹೇಳಿದ್ರಿ. ನನ್ನ ಹಾಡು ಕದಿಯಾಕ ಹೋಗಿದ್ರಿ, ಹೌದಲ್ಲೋ?"

ಅನಿಕೇತನ ಮುಖ ಬಿಳಿಚಿತು. ಒಂದು ಕ್ಷಣ ಅವನು ಎದ್ದುಹೋಗುತ್ತಾನೆ ಎಂದುಕೊಂಡಳು. ಹೋಗಲಿಲ್ಲ. ಫೈಲಿನಿಂದ ಮಡಿಸಿದ ಒಂದು ಹಾಳೆ ತೆಗೆದು ಅವಳ ಮುಂದೆ ಸರಿಸಿದ. ಅದೇ ಹಸಿರು ಶಾಯಿ.

'ಪಾರಿಶ್ವಾಡ. ಒಂದನೇ ಚಂದ್ರವ್ವ: ವಯಸ್ಸು ಎಪ್ಪತ್ತು. ಹಾಡು ಬರುವುದಿಲ್ಲ. ಮಜ್ಜಿಗೆ ಕೊಟ್ಟರು.

ಎರಡನೇ ಚಂದ್ರವ್ವ: ವಯಸ್ಸು ಐವತ್ತೈದು. ಹಾಡು ಬರುತ್ತವೆ, ಎಲ್ಲವೂ ಸಿನಿಮಾದವು.

ಮೂರನೇ ಚಂದ್ರವ್ವ: ಕಿವಿ ಕೇಳುವುದಿಲ್ಲ. ನನ್ನನ್ನು ಜನಗಣತಿಯವನೆಂದು ತಿಳಿದು ಮನೆಯವರೆಲ್ಲರ ಹೆಸರು ಬರೆಸಿದರು.

ನಾಲ್ಕನೇ ಚಂದ್ರವ್ವ: ಹೆಣ್ಣು ನೋಡಲು ಬಂದಿದ್ದೇನೆಂದು ತಿಳಿದು ಮೊಮ್ಮಗಳನ್ನು ಕರೆದರು. ಬೇಗ ಎದ್ದು ಬಂದೆ.'

ಪದ್ಮಶ್ರೀಗೆ ನಗು ಬಂತು. ನಗುವ ಹೊತ್ತಲ್ಲ ಎಂದು ತುಟಿ ಕಚ್ಚಿದಳು. ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. 'ಹೊಲದ ಮನೆಗಳು ಹನ್ನೊಂದು. ಎಲ್ಲ ಕಡೆ ಕೇಳಿದೆ. ಇಲ್ಲ.'

"ಕದಿಯಾಕ ಹೋಗಾವ ಇದನ್ನೆಲ್ಲಾ ಬರದು ನಿಮಗ ತೋರಿಸ್ತಾನೇನ್ರಿ?" ಎಂದ ಅನಿಕೇತ. ಅವನ ಪಿಸುಮಾತು ಒಡೆದಿತ್ತು. "ನಿಮ್ಮ ಮ್ಯಾಲೆ ನನಗ ಸಂಶಯ ಬಂದಿತ್ತು. ಈ ಪದಗಳು ಖರೇ ಅಲ್ಲ, ನೀವ ಕುಂತು ಕಟ್ಟೀರಿ ಅಂತ. ಅಷ್ಟು ಚೆಂದ ಅದಾವು ಅವು. ಸಂಶಯ ಐತಿ ಅಂತ ನಿಮಗ ಗೊತ್ತಾಗಬಾರದಂತ ಹಲಸಿ ಅಂದ್ನಿ. ಚಂದ್ರವ್ವ ಸಿಕ್ಕಬಿಟ್ರ ಸಂಶಯ ನುಂಗಿಕೊಂಡು ಸಹಿ ಮಾಡಿಬಿಡೂಣು ಅಂತ ಹೋಗಿದ್ನಿ. ಒಬ್ಬಾಕಿ ಆದ್ರೂ ಹಾಡ್ಲಿ ಅಂತ ಬೇಡಿಕೊಂಡ್ನಿ. ನಂಬ್ತೀರೇನು?"

ನಂಬುವುದೇ? ನಂಬುವ ಅಭ್ಯಾಸ ತಪ್ಪಿ ವರ್ಷಗಳೇ ಆಗಿದ್ದವು.

"ಮೇಡಮ್ಮಗ ಹೇಳೀರೇನು?"

"ಇಲ್ಲ. ಯಾರಿಗೂ ಹೇಳಿಲ್ಲ."

ಹೇಳಿದ್ದರೆ ಅವನ ಪ್ರಬಂಧ ಆವತ್ತೇ ಮೈಸೂರಿನ ದಾರಿ ಹಿಡಿಯುತ್ತಿತ್ತು. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಪದ್ಮಶ್ರೀ ಆ ಹಾಳೆಯನ್ನು ಮೊದಲಿನಂತೆ ಮಡಿಸಿದಳು.

"ಚಂದ್ರವ್ವ ಅದಾಳ," ಎಂದಳು ಕಡೆಗೆ. "ಊರು ಬ್ಯಾರೆ. ನಾನ ತಪ್ಪು ಬರದೀನಿ. ಬೇಕಂತ ಬರದೀನಿ."

ಅವನು ಬೈಯಲಿಲ್ಲ. ಬಹಳ ಹೊತ್ತು ತಡೆದ ಉಸಿರನ್ನು ಬಿಟ್ಟ. "ಅದಾಳಲ್ಲ, ಸಾಕು. ಊರು ಹೇಳಬ್ಯಾಡ್ರಿ ನನಗ. ನಿಖಿತಾ ಅವರನ್ನ ಕರಕೊಂಡು ಹೋಗಿ ತೋರಿಸ್ರಿ. ಅವರು ನೋಡೀನಿ ಅಂದ್ರ ನಾ ಸಹಿ ಮಾಡ್ತೀನಿ."

ಊರು ಹೇಳಬೇಡ ಎಂದದ್ದು ಅವಳ ಎದೆಯ ಬಾಗಿಲನ್ನು ಸ್ವಲ್ಪ ಸರಿಸಿತು. ಪೂರ್ತಿ ತೆರೆಯಲಿಲ್ಲ. ಇದೂ ಒಂದು ಯುಕ್ತಿ ಇದ್ದೀತು ಎಂದು ಒಳಗಿನ ಹಳೇ ಪದ್ಮಶ್ರೀ ಹೇಳುತ್ತಲೇ ಇದ್ದಳು. ಆದರೂ ಬಾಯಿ ಬೇರೆಯೇ ಮಾತಾಡಿತು. "ನಿಖಿತಾ ಬ್ಯಾಡ, ನೀವ ಬರ್ರಿ. ನಾಳೆ ಮುಂಜಾನೆ ಏಳರ ಬಸ್ಸು. ಲೇಟ್ ಮಾಡಿದ್ರ ಬಿಟ್ಟು ಹೊಕ್ಕೀನಿ."

*

ಏಳಕ್ಕೆ ಹತ್ತು ನಿಮಿಷವಿರುವಾಗಲೇ ಅವನು ಬೆಳಗಾವಿ ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಕರ್ಚೀಫ್ ಹಾಕಿ ಕಾದಿದ್ದ. ಬೂಟು ತೊಳೆದಿದ್ದ. ಪದ್ಮಶ್ರೀ ಅದನ್ನೂ ಗಮನಿಸಿದಳು.

ಖಾನಾಪುರದ ದಾರಿಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಅವನು ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿಯುತ್ತಿದ್ದ, ತನ್ನ ಭುಜ ಅವಳಿಗೆ ತಾಗಬಾರದೆಂದು. ಮೊದಲು ಅದು ಅವಳಿಗೆ ಹಿಡಿಸಿತು. ಆಮೇಲೆ ಬೇಸರ ತರಿಸಿತು. ಇಷ್ಟು ಒಳ್ಳೆಯವನಂತೆ ಇರುವ ಅಗತ್ಯವೇನಿತ್ತು?

"ಕಂಬಿ ಕಿತ್ತು ಬಂದೀತು ನೋಡ್ರಿ," ಎಂದಳು.

"ಬಂದ್ರ ಬರ್ಲಿ. ನೀವು ಇನ್ನೊಂದು ಕೇಸು ಹಾಕೂದಿಲ್ಲಲ್ಲ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಗಾಜಿನಲ್ಲಿ ಅವನು ನಗುವುದೂ ಕಂಡಿತು.

ಖಾನಾಪುರದಲ್ಲಿ ಬಸ್ಸು ಬದಲಿಸುವಾಗ 'ನಂದಗಡ' ಎಂಬ ಬೋರ್ಡಿನ ಕೆಳಗೆ ಅವಳ ಕಾಲು ನಿಂತವು. ಇನ್ನೂ ವಾಪಸ್ಸು ಹೋಗಬಹುದು. ಈ ಬಸ್ಸು ಹತ್ತಿದ ಮೇಲೆ ಗುಟ್ಟೆಂಬುದು ಉಳಿಯುವುದಿಲ್ಲ. ಅನಿಕೇತ ಬೋರ್ಡಿನ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳು ಹತ್ತಿದಳು.

ಚಂದ್ರವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತೆಂಟರ ಮುದುಕಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಎರಡೇ ಹಲ್ಲು, ಕಣ್ಣು ಮಾತ್ರ ಚುರುಕು. ಅನಿಕೇತನನ್ನು ಕೆಳಗಿನಿಂದ ಮೇಲಿನವರೆಗೆ ಅಳೆದಳು.

"ಬರ್ರಿ, ಕುಂದರ್ರಿ. ಯಾರವ್ವಾ ಇಂವಾ? ನಿನ್ನ ಮನಿಯವನೇನು?"

"ಅಲ್ಲಬೇ ಅಮ್ಮಾ! ಇಂವಾ ನನ್ನ ತಪ್ಪು ಹುಡುಕಾಂವ."

"ಹಂಗಾರ ಮನಿಯವನ ಬಿಡು," ಎಂದು ಚಂದ್ರವ್ವ ಅವರೆಕಾಯಿ ಬುಟ್ಟಿಗೆ ಮರಳಿದಳು.

ಪದ್ಮಶ್ರೀ ನೆಲ ನೋಡಿದಳು. ಅನಿಕೇತನ ಕಿವಿಗಳ ಬಣ್ಣ ಹೇಳುವುದೇ ಬೇಡ. ಅವನು ಗಂಟಲು ಸರಿಮಾಡಿಕೊಂಡು, ಮುದುಕಿಯ ಎದುರು ನೆಲದ ಮೇಲೆ ಕೂತು, ಹದಿನಾಲ್ಕನೇ ಪ್ರಶ್ನೆಯನ್ನೇ ಕೇಳಿದ. "ಅಮ್ಮಾ, ನಿಮ್ಮ ಪದದಾಗ 'ಎದುರಿಗಿ ಕುಂತಾಕಿ' ಅಂತ ಬರತದಲ್ಲ, ಆಕಿ ಯಾರು?"

ಚಂದ್ರವ್ವನ ಕೈ ನಿಂತಿತು. "ಈ ಹುಡುಗಿ ಒಂಬತ್ತು ಸಲ ಬಂದಾಳ. ಒಂದಿನಾನೂ ಇದನ್ನ ಕೇಳಲಿಲ್ಲ ನೋಡು," ಎಂದಳು. ಆಮೇಲೆ ಬಾಗಿಲಿಗೆ ಹೋಗಿ ಬೀದಿಗೆ ಕೇಳುವಂತೆ ಕೂಗಿದಳು. "ಏ ನಸೀಬಾ! ಬಾ ಇಲ್ಲೆ, ನಿನ್ನ ಹುಡುಕ್ಕೊಂಡು ಬಂದಾರ!"

ಮೂರನೇ ಮನೆಯಿಂದ ಸೆರಗು ತಲೆಯ ಮೇಲೆಳೆದುಕೊಳ್ಳುತ್ತ ಇನ್ನೊಬ್ಬ ಮುದುಕಿ ಬಂದಳು. ಬೀಸುಕಲ್ಲನ್ನು ಒಬ್ಬಳೇ ಎಷ್ಟು ತಿರುಗಿಸಿಯಾಳು? ಗಿರಣಿ ಬರುವವರೆಗೆ ಇಪ್ಪತ್ತು ವರ್ಷ ಇಬ್ಬರೂ ಎದುರುಬದುರು ಕೂತು ಎರಡು ಮನೆಯ ಹಿಟ್ಟು ಬೀಸಿದ್ದರಂತೆ. ಒಂದು ನುಡಿ ಇವಳು ಕಟ್ಟಿದರೆ ಮುಂದಿನದನ್ನು ಅವಳು.

"ಯಾವುದು ನಂದು, ಯಾವುದು ಈಕಿದು, ಯಾರಿಗೆ ನೆನಪೈತಿ ಬೇಟಾ," ಎಂದು ನಸೀಬಾ ನಕ್ಕಳು. ಕಲ್ಲು ಮೂಲೆಯಲ್ಲಿ ಧೂಳು ಹಿಡಿದಿತ್ತು. ಆದರೂ ಇಬ್ಬರೂ ಅಲ್ಲೇ ಕೂತರು, ಗೂಟಕ್ಕೆ ಕೈ ಹಚ್ಚಿದರು, ಬರಿಗಲ್ಲು ತಿರುಗಿಸಿದರು.

'ಎದುರಿಗಿ ಕುಂತಾಕಿ ಎದಿಯ ಮಾತು ಕೇಳವ್ವ
ಗೂಟ ಒಂದೈತಿ ಕೈಯೆರಡು, ಹಿಟ್ಟಿನ ಮ್ಯಾಲ
ಯಾರ ಹೆಸರೈತಿ ಹೇಳವ್ವ'

ಪದ್ಮಶ್ರೀಗೆ ಈ ಪದ ಬಾಯಿಪಾಠವಿತ್ತು. ಆದರೆ ಎರಡು ದನಿಯಲ್ಲಿ ಕೇಳಿದ್ದು ಇದೇ ಮೊದಲು. ಚಂದ್ರವ್ವ ಬಿಟ್ಟ ಕಡೆ ನಸೀಬಾ ಹಿಡಿಯುತ್ತಿದ್ದಳು. ಒಂಟಿ ಹೆಣ್ಣಿನ ದನಿ ಎಂದು ಇಪ್ಪತ್ತೆರಡು ಪುಟ ತುಂಬಿಸಿದ್ದವಳು ತಾನು. ಒಂಟಿ ಯಾರಾಗಿದ್ದರು? ಯಾರನ್ನೂ ನಂಬದೆ, ಸುಳ್ಳು ಊರಿನ ಹಿಂದೆ ಅಡಗಿ ಕೂತಿದ್ದವಳು ತಾನೇ. ಅವಳಿಗೆ ಅಳು ಬಂತು. ಮರೆಮಾಡಲೂ ಹೋಗಲಿಲ್ಲ.

ಅನಿಕೇತ ನೋಡಿದ. ಅವಳ ಕೈಯಲ್ಲಿದ್ದ ಫೋನನ್ನು ತಾನು ತೆಗೆದುಕೊಂಡು ರೆಕಾರ್ಡಿಂಗ್ ಮುಂದುವರಿಸಿದ. ಹಾಡು ಮುಗಿದ ಕೂಡಲೇ ಫೋನನ್ನು ಅವಳಿಗೇ ವಾಪಸ್ಸು ಕೊಟ್ಟ.

*

ಆ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಪದ್ಮಶ್ರೀ ಪ್ರಬಂಧವನ್ನು ಅರ್ಧಕ್ಕರ್ಧ ಹೊಸದಾಗಿ ಬರೆದಳು. ಹಾಡಿದವರು ಚಂದ್ರವ್ವ ಮತ್ತು ನಸೀಬಾ, ನಂದಗಡ. ಅಡಿಟಿಪ್ಪಣಿಯಲ್ಲಿ ಊರಿನ ಹೆಸರನ್ನು ಮೊದಲು ಸುಳ್ಳು ಬರೆದಿದ್ದೆ ಎಂಬುದನ್ನೂ ಸೇರಿಸಿದಳು. ಶುಕ್ರವಾರ ಮೂರು ಗಂಟೆಗೆ ಪ್ರಮಿಳಾ ಮೇಡಂ ಎದುರು ನಿಂತು ಬಾಯಿ ಬಿಟ್ಟೇ ಹೇಳಿದಳು.

ಮೇಡಂ ಬಹಳ ಹೊತ್ತು ಬೈದರು. ಆಮೇಲೆ ಕನ್ನಡಕ ತೆಗೆದರು. "ಸಹಿ ಬಿದ್ದ ಮ್ಯಾಲೆ ಇದು ಗೊತ್ತಾಗಿದ್ರ ನಿನ್ನ ರಿಜಿಸ್ಟ್ರೇಶನ್ನ ಹೋಗ್ತಿತ್ತು. ಈಗ ಇದು ತಿದ್ದುಪಡಿ. ಅನಿಕೇತನ ಸಹಿ ತಗೊಂಡು ಐದರೊಳಗ ಬಾ."

ನಾಲ್ಕೂವರೆಗೆ ಕಾರಿಡಾರಿನ ಬೆಂಚಿನ ಮೇಲೆ ಅನಿಕೇತ ಹೊಸ ಪ್ರಬಂಧ ಓದಿ ಮುಗಿಸಿದ. ಒಂದೂ ಹಸಿರು ಗುರುತು ಹಾಕಲಿಲ್ಲ. ಫಾರ್ಮು ತೊಡೆಯ ಮೇಲಿಟ್ಟುಕೊಂಡು ಪೆನ್ನು ತೆರೆದ. ಅದರಲ್ಲಿ ಎರಡು ಸಾಲು ಅಚ್ಚಾಗಿದ್ದವು. ಆಕರಗಳನ್ನು ನಾನು ಪರಿಶೀಲಿಸಿದ್ದೇನೆ ಎಂಬ ಮೊದಲ ಸಾಲಿನ ಮುಂದೆ ಚೆಂದದ ಅಕ್ಷರದಲ್ಲಿ ಸಹಿ ಹಾಕಿದ. ಎರಡನೇ ಸಾಲು ಓದಿದ. ಪೆನ್ನು ನಿಂತಿತು. ಇನ್ನೊಮ್ಮೆ ಓದಿ, ಪೆನ್ನಿಗೆ ಮುಚ್ಚಳ ಹಾಕಿಬಿಟ್ಟ.

"ಏನಾತು?" ಪದ್ಮಶ್ರೀಯ ದನಿ ಏರಿತು.

"ಇದಕ್ಕ ಆಗೂದಿಲ್ರಿ."

ಹಳೇ ಸಂಶಯ ಒಂದೇ ಏಟಿಗೆ ತಲೆಗೆ ಏರಿತು. ನಂದಗಡ ನೋಡಿದ್ದಾಯಿತು, ಹಾಡು ಕೇಳಿದ್ದಾಯಿತು, ಈಗ ಅರ್ಧ ಗಂಟೆ ಉಳಿದಿರುವಾಗ ಪೆನ್ನು ಮುಚ್ಚುತ್ತಾನೆ! "ಕಡೀಕ ನಿಮ್ಮ ಬಣ್ಣ ತೋರಿಸಿದ್ರಿ, ಹೌದಲ್ಲೋ? ನಾನ ಹುಚ್ಚಿ. ಕರಕೊಂಡು ಹೋಗಿ ಮನಿ ತೋರಿಸಿದ್ನಲ್ಲ..."

ಅವನು ಫಾರ್ಮು ಅವಳ ಕೈಗೆ ಕೊಟ್ಟ. ಅವಳು ಓದಿದಳು. 'ಪ್ರಬಂಧದ ಲೇಖಕರೊಂದಿಗೆ ನನಗೆ ಬಂಧುತ್ವವಾಗಲಿ, ಯಾವುದೇ ಬಗೆಯ ವೈಯಕ್ತಿಕ ಒಲವಾಗಲಿ ಇರುವುದಿಲ್ಲ.'

ಅವಳು ಮತ್ತೊಮ್ಮೆ ಓದಿದಳು. ಕಾರಿಡಾರಿನ ತುದಿಯಲ್ಲಿ ಯಾರೋ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಮೂರನೇ ಸಲ ಓದಿದಾಗಿಂದನ ಐತಿ," ಎಂದ ಅನಿಕೇತ, ಗೋಡೆಯ ಕಡೆ ನೋಡುತ್ತ. "ನಿಮ್ಮ ಅಕ್ಷರದಾಗ ನಿಮ್ಮ ದನಿ ಕೇಳಸ್ತಿತ್ತು. ಪಾರಿಶ್ವಾಡದಾಗ ಬಾಗಿಲಾ ಬಾಗಿಲಾ ತಿರಗೂ ಮುಂದ ನನಗ ಒಂದ ಭಯ ಇತ್ತು, ನೀವು ಸುಳ್ಳಿ ಆಗಿಬಿಟ್ರ ನಾ ಏನ ಮಾಡ್ಲಿ ಅಂತ. ಪ್ರಬಂಧದ ಚಿಂತಿ ಇರಲಿಲ್ಲ." ಆಮೇಲೆ ಅವಳ ಕಡೆ ತಿರುಗಿದ. "ನೀವು ಸಹಿ ಮಾಡು ಅಂದ್ರ ಮಾಡ್ತೀನಿ. ಅದು ನನ್ನ ಮೊದಲನೇ ಸುಳ್ಳು ಸಹಿ ಆಗತದ. ಆದ್ರೂ ಮಾಡ್ತೀನಿ. ನಿಮಗ ಮೈಸೂರು ಎಷ್ಟು ಬೇಕಂತ ನನಗ ಗೊತ್ತೈತಿ. ಹೇಳ್ರಿ."

ನಾಲ್ಕು ಮುಕ್ಕಾಲು.

ಪದ್ಮಶ್ರೀಯ ತಲೆಯಲ್ಲಿ ಹಳೇ ಪದ್ಮಶ್ರೀ ಜೋರಾಗಿ ಕೂಗುತ್ತಿದ್ದಳು. ಸಹಿ ಹಾಕಿಸು. ಹಾಕಬೇಡ ಎಂದರೆ ಐದಕ್ಕೆ ಅವನ ಪ್ರಬಂಧವೇ ಹೋಗುತ್ತದೆ. ಇದಕ್ಕಿಂತ ಚೆಂದದ ಮೋಸ ಇನ್ನೊಂದಿದೆಯೇ? ಪ್ರೀತಿಯ ಮಾತಾಡಿ, ನಿನ್ನ ಬಾಯಿಂದಲೇ ಬೇಡ ಅನ್ನಿಸಿ, ವೇದಿಕೆ ಹತ್ತುತ್ತಾನೆ. ನೀನು ಮತ್ತೆ ನಾಲ್ಕನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೀ.

ಹಾಗೂ ಆಗಬಹುದಿತ್ತು. ಯಾವ ಆಕರವೂ ಅದನ್ನು ಪರಿಶೀಲಿಸಿ ಹೇಳಲಾರದು. ಅವಳ ಮುಂದೆ ಇದ್ದದ್ದು ಒಂದು ಮುಖ, ಎರಡು ಕೆಂಪು ಕಿವಿ, ನೆಟ್ಟಗೆ ಅವಳನ್ನೇ ನೋಡುತ್ತಿದ್ದ ಕಣ್ಣುಗಳು. ಅಷ್ಟನ್ನೇ ನಂಬಬೇಕು, ಇಲ್ಲವೇ ಬಿಡಬೇಕು.

ಅವಳು ಫಾರ್ಮನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

"ಮಾಡಬ್ಯಾಡ," ಎಂದಳು. ಬಹುವಚನ ಎಲ್ಲಿ ಜಾರಿಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅನಿಕೇತ ಎದ್ದು ನಿಂತ. "ಪದ್ಮಾ, ಹಂಗಾದ್ರ ನಂದು ಹೋಗತದ. ನಾಳೆ ಮುಂಜಾನೆ ಎದ್ದ ಕೂಡಲೇ ನಿನಗ ಅನ್ನಸ್ತದ, ಇದನ್ನೆಲ್ಲಾ ಇಂವಾ ಅದಕ್ಕ ಮಾಡಿದಾ ಅಂತ. ನೀ ಸಂಶಯ ಪಡತಿ."

"ಪಡತೀನಿ," ಎಂದಳು ಪದ್ಮಶ್ರೀ. ಕಣ್ಣು ತುಂಬಿ ಬಂದರೂ ದನಿ ಗಟ್ಟಿಯಾಗಿತ್ತು. "ನಾಳೆ ಪಡತೀನಿ. ನಾಡದ್ದೂ ಪಡತೀನಿ. ಸಾಯೂತನಕ ನಿನ್ನ ಮ್ಯಾಲೆ ಸಂಶಯ ಪಡತೀನಿ. ದಿನಾ ಬಾಜೂಕ ಕುಂತು ಉತ್ತರ ಕೊಡಬೇಕು. ನಡೀತದೇನು?"

ಅವನು ನಗಲು ಹೋದ, ಆಗಲಿಲ್ಲ.

"ನಡೀತದ," ಎಂದ.

ಅವಳು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ತನ್ನದು ಈ ವರ್ಷ ಹೋಗುವುದಿಲ್ಲ, ಅನಿಕೇತನದು ಕಳಿಸಿರಿ ಎಂದು ಹೇಳಲು ಪ್ರಮಿಳಾ ಮೇಡಂ ಕೋಣೆಯ ಬಾಗಿಲು ತಟ್ಟಿದಳು.